ಮಾರಾಟಕ್ಕಿದೆ ನಾಲ್ಕೆಕರೆ ಕಾಡು: ಅದು ಒಂದು ಮನೆಯ ಸೊತ್ತಾಗಬೇಕೆ?

ದಕ್ಷಿಣ ಇಂಗ್ಲೆಂಡಿನ ಹಳ್ಳಿ ದಾರಿಗಳಲ್ಲಿ ಬೇಲಿಯ ಮೇಲೆ ಇಂಥ ಹಲಗೆ ಆಗಾಗ ಕಣ್ಣಿಗೆ ಬೀಳುತ್ತದೆ: ಕಾಡು ಮಾರಾಟಕ್ಕಿದೆ, ನಾಲ್ಕು ಎಕರೆ, ಮಿಶ್ರ ಮರಗಳು. ಒಂದು ಕಾಲಕ್ಕೆ ಒಂದೇ ಎಸ್ಟೇಟಿಗೆ ಸೇರಿದ್ದ ನಲವತ್ತೈವತ್ತು ಎಕರೆಯನ್ನು ಕೊಂಡು, ತುಂಡು ಮಾಡಿ, ಪಟ್ಟಣದ ಕುಟುಂಬಗಳಿಗೆ ಮಾರುವುದು ಅಲ್ಲಿ ಈಗ ಒಂದು ವ್ಯಾಪಾರ. ಇದರಿಂದ ಕಾಡಿಗೆ ಒಳ್ಳೆಯದಾಗುತ್ತದೆಯೆ? ಶಿರಸಿ ಸೀಮೆಯ ಒಂದೇ ಮನೆತನದ ಇಬ್ಬರು ಇಲ್ಲಿ ಬರೆದಿದ್ದಾರೆ. ಇಬ್ಬರೂ ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದಾರೆ. ಅಣ್ಣ ಕಾಡು ಕೊಂಡವರು. ತಂಗಿ, ಅಂದರೆ ಅವರ ಚಿಕ್ಕಪ್ಪನ ಮಗಳು, ಕೊಳ್ಳಬಾರದೆನ್ನುವವರು.

ಪರ: ಕಡಿದ ಬುಡವೇ ಚಿಗುರುವುದು

ಮೊದಲು ಕಾಡನ್ನು ತೋರಿಸಿಬಿಡುತ್ತೇನೆ, ವಾದ ಆಮೇಲೆ. ಈಸ್ಟ್ ಸಸೆಕ್ಸಿನ ಹೈ ವೀಲ್ಡ್ ಎಂಬ ಗುಡ್ಡಸೀಮೆಯಲ್ಲಿ, ಸಣ್ಣದೊಂದು ಹಳ್ಳದ ಕಡೆಗೆ ಇಳಿದುಹೋಗುವ ನಾಲ್ಕೂಕಾಲು ಎಕರೆ. ಮುಕ್ಕಾಲು ಪಾಲು ಸ್ವೀಟ್ ಚೆಸ್ಟ್‌ನಟ್. ನಡುನಡುವೆ ಎತ್ತರದ ಓಕ್, ಹಳ್ಳದ ತೇವದಲ್ಲಿ ಆ್ಯಶ್ ಮತ್ತು ಆಲ್ಡರ್, ಅಂಚಿನಲ್ಲಿ ಬರ್ಚ್, ಹಾಲಿ. ಮೇಲಿನ ಮೂಲೆಯಲ್ಲಿ 1960ರ ದಶಕದಲ್ಲಿ ಯಾರೋ ಸಾಲು ಹಿಡಿದು ನೆಟ್ಟ ಪೈನ್. ಎಲೆ ಉದುರಿಸುವ ಮರಗಳೂ ಸೂಜಿ ಎಲೆಯ ಮರಗಳೂ ಕೂಡಿರುವುದರಿಂದ ಇದು ಮಿಶ್ರ ಕಾಡು. ಕೆಳಗಿನ ಗಡಿಯಲ್ಲಿ ಒಂದು ಹಳೆಯ ಒಡ್ಡು, ಅದರ ಹೊರಮೈಗೆ ಅಗಳ. ನಮ್ಮ ತೋಟದ ಅಗಳದ ಹಾಗೆಯೇ, ದನ ನುಗ್ಗದಿರಲಿ ಎಂದು ಎಷ್ಟೋ ಶತಮಾನದ ಹಿಂದೆ ತೋಡಿದ್ದು. 1600ನೇ ಇಸವಿಯಿಂದ ಈಚೆಗೆ ಎಂದೂ ಬಯಲಾಗದ ಕಾಡನ್ನು ಇಂಗ್ಲೆಂಡಿನಲ್ಲಿ ‘ಪುರಾತನ ಕಾಡು’ ಎಂದು ಗುರುತಿಸುತ್ತಾರೆ. ನಮ್ಮದು ಅಂಥದ್ದು. ಆರು ವರ್ಷದ ಹಿಂದೆ 46 ಸಾವಿರ ಪೌಂಡ್ ಕೊಟ್ಟೆವು. ಅದು ನಮ್ಮ ಉಳಿತಾಯದ ಬಹುಪಾಲು.

ಮೊದಲ ಚಳಿಗಾಲದಲ್ಲಿ ಕಾಡು ದೂರದಿಂದ ಚೆಂದವಿತ್ತು, ಒಳಹೊಕ್ಕರೆ ಸತ್ತಂತಿತ್ತು. ಒಂದೊಂದು ಚೆಸ್ಟ್‌ನಟ್ ಬುಡದಿಂದ ಏಳೆಂಟು ಕಾಂಡ. ತೊಡೆ ದಪ್ಪದ ಆ ಕಾಂಡಗಳು ಬೆಳಕಿಗಾಗಿ ಒಂದನ್ನೊಂದು ನೂಕುತ್ತ ಐವತ್ತು ಅಡಿ ಮೇಲೇರಿದ್ದವು. ನೆಲದಲ್ಲಿ ದರಕು ಬಿಟ್ಟರೆ ಏನೂ ಇಲ್ಲ. ಹಕ್ಕಿಯ ಸದ್ದು ಅಂಚಿನಲ್ಲಿ ಮಾತ್ರ. ಪಕ್ಕದ ಊರಿನ ಬೇಲಿ ಕೆಲಸದ ಹಿರಿಯರೊಬ್ಬರು ಬಂದು ನೋಡಿ, “ಇಲ್ಲಿ ಕತ್ತಿ ಬೀಳದೆ ನಲವತ್ತು ವರ್ಷವಾದರೂ ಆಗಿದೆ” ಎಂದು ಬೇಸರಪಟ್ಟುಕೊಂಡರು.

ಕಾಡಿಗೆ ಕತ್ತಿ ಬೀಳದಿದ್ದರೆ ಬೇಸರವೇಕೆ ಎಂದು ಊರಲ್ಲಿ ಅಮ್ಮ ಕೇಳಿದಳು. ಕಬ್ಬಿನ ಲೆಕ್ಕದಲ್ಲಿ ಹೇಳಿದೆ. ಕಬ್ಬು ಕಡಿದ ಮೇಲೆ ಕೂಳೆ ಚಿಗುರುವುದಿಲ್ಲವೆ, ಹಾಗೆ ಇಲ್ಲಿನ ಹೇಝಲ್, ಚೆಸ್ಟ್‌ನಟ್, ಆ್ಯಶ್ ಮರಗಳು ನೆಲಮಟ್ಟಕ್ಕೆ ಕಡಿದಷ್ಟೂ ಬುಡದಿಂದ ಹೊಸದಾಗಿ ಏಳುತ್ತವೆ. ಹೇಝಲ್ಲಿಗೆ ಏಳೆಂಟು ವರ್ಷಕ್ಕೊಂದು ಕೊಯ್ಲು, ಚೆಸ್ಟ್‌ನಟ್ಟಿಗೆ ಹದಿನೈದರ ಆಸುಪಾಸು. ಇದಕ್ಕೆ ಕಾಪಿಸಿಂಗ್ ಎನ್ನುತ್ತಾರೆ. ಓಕ್ ಮರಗಳನ್ನು ನಾಟಾಕ್ಕೆಂದು ಎತ್ತರ ಬೆಳೆಯಲು ಬಿಟ್ಟು, ಕೆಳಗಿನ ಕೂಳೆಯನ್ನು ಕಟ್ಟಿಗೆಗೆ, ಬೇಲಿಗೆ, ಇದ್ದಿಲಿಗೆ ಸರದಿಯ ಮೇಲೆ ಕಡಿಯುವುದು ನೂರಾರು ವರ್ಷ ನಡೆದುಬಂದ ಕ್ರಮ. 16ನೇ ಶತಮಾನದಲ್ಲಿ ವೀಲ್ಡಿನ ತುಂಬ ಕಬ್ಬಿಣದ ಕುಲುಮೆಗಳಿದ್ದವು. ಅವಕ್ಕೆ ಇದ್ದಿಲು ಇಂಥ ಕಾಡುಗಳಿಂದಲೇ ಹೋಗುತ್ತಿತ್ತು. ಆಮೇಲೆ ಕೆಂಟ್, ಸಸೆಕ್ಸ್ ಕಡೆಯ ಹಾಪ್ಸ್ ತೋಟಗಳಿಗೆ ಚೆಸ್ಟ್‌ನಟ್ ಗಳಗಳು ಬೇಕಾದವು. ಬಿಯರಿಗೆ ಹಾಕುವ ಆ ಬಳ್ಳಿಯೂ ನಮ್ಮ ಕಾಳುಮೆಣಸಿನಂತೆ ಆಸರೆ ಹಿಡಿದು ಹತ್ತುವಂಥದ್ದು. ಕಲ್ಲಿದ್ದಲು, ಆಮದಿನ ಮರ, ತಂತಿ ಬೇಲಿ ಬಂದ ಮೇಲೆ ಬೇಡಿಕೆ ಕುಸಿದು ಕತ್ತಿಗಳು ಅಟ್ಟ ಸೇರಿದವು. ಅಷ್ಟರಲ್ಲಿ ಇಲ್ಲಿನ ಹೂವು, ಚಿಟ್ಟೆ, ಹಕ್ಕಿಗಳೆಲ್ಲ ಆ ಸರದಿಯ ಬೆಳಕಿಗೆ ಒಗ್ಗಿಹೋಗಿದ್ದವು. ಇಂದು ಇಂಗ್ಲೆಂಡಿನ ಕಾಡಿನಲ್ಲಿ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲಿಗೆ ನಿರ್ವಹಣೆ ಎನ್ನುವಂಥದ್ದೇ ಇಲ್ಲ.

ಎರಡನೆಯ ಚಳಿಗಾಲ, ಸರ್ಕಾರದ ಅರಣ್ಯ ಇಲಾಖೆಯಾದ ಫಾರೆಸ್ಟ್ರಿ ಕಮಿಷನ್ನಿನ ಪರವಾನಗಿ ಬಂದ ಮೇಲೆ, ಕಾಲೆಕರೆ ಕಡಿದೆವು. ದಪ್ಪ ಕಾಂಡಗಳನ್ನು ಕೊಯ್ಯಲು ತರಬೇತಿ ಇರುವ ಗರಗಸದವರು ಬಂದರು. ಕೊಂಬೆ ಸವರುವುದು, ಅಟ್ಟಿ ಹಾಕುವುದು ನಮ್ಮ ಪಾಲಿನದು. ಅಂಗಡಿಯವನು ಬಿಲ್‌ಹುಕ್ ಎಂದು ಕೊಟ್ಟದ್ದನ್ನು ಕೈಗೆತ್ತಿಕೊಂಡಾಗ ಮೈ ಜುಮ್ಮೆಂದಿತು. ತುದಿಯಲ್ಲಿ ಕೊಕ್ಕಿನಂತೆ ಬಾಗಿದ ಅಲಗು, ಗಿಡ್ಡ ಮರದ ಹಿಡಿ. ಸೊಪ್ಪು ಕಡಿಯಲು ಅಪ್ಪ ಬೆಟ್ಟಕ್ಕೆ ಒಯ್ಯುತ್ತಿದ್ದ ಕತ್ತಿಯೇ ಅದು. ಸೊಂಟಕ್ಕೆ ಕಟ್ಟುವ ಕೊಕ್ಕೆಯೊಂದು ಇರಲಿಲ್ಲ. ಬೇಲಿ ಕೆಲಸದ ಹಿರಿಯರು ಬುಡ ಕೊಯ್ಯುವುದನ್ನು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು: ಕೊಯ್ತ ನೆಲಕ್ಕೆ ಹತ್ತಿರ ಇರಬೇಕು, ಹೊರಕ್ಕೆ ಇಳಿಜಾರಾಗಿರಬೇಕು, ಮಳೆನೀರು ನಿಂತರೆ ಬುಡ ಕೊಳೆಯುತ್ತದೆ.

ಏಪ್ರಿಲ್ಲಿನಲ್ಲಿ ಆ ಕಾಲೆಕರೆಗೆ ಬೆಳಕು ಬಿತ್ತು. ಮೊದಲು ತಿಳಿ ಹಳದಿಯ ಪ್ರಿಮ್‌ರೋಸ್, ಆಮೇಲೆ ಬಿಳಿಯ ಅನೆಮನಿ. ಮರುವರ್ಷ ಬ್ಲೂಬೆಲ್ ಎಷ್ಟು ಒತ್ತಾಗಿ ಬಂತೆಂದರೆ ಕಾಲಿಡಲು ಜಾಗ ಹುಡುಕಬೇಕಿತ್ತು. ಜಗತ್ತಿನ ಬ್ಲೂಬೆಲ್ಲಿನಲ್ಲಿ ಹೆಚ್ಚುಕಡಿಮೆ ಅರ್ಧ ಬ್ರಿಟನ್ನಿನಲ್ಲೇ ಇದೆ. ಅದು ಎಷ್ಟು ದೊಡ್ಡ ಹೊಣೆ ಎಂದು ನನಗೆ ಹೊಳೆದದ್ದು ಅಲ್ಲಿ ನಿಂತಾಗ. ಈ ಯಾವುದನ್ನೂ ನಾವು ಬಿತ್ತಿರಲಿಲ್ಲ. ನಲವತ್ತು ವರ್ಷ ನೆರಳಿನಲ್ಲಿ ಕಾದಿದ್ದವು, ಅಷ್ಟೆ.

ತಪ್ಪೂ ಆಯಿತು. ಜೂನಿನಲ್ಲಿ ಚೆಸ್ಟ್‌ನಟ್ ಬುಡಗಳು ಎರಡಡಿ ಚಿಗುರಿದ್ದವು. ಹದಿನೈದು ದಿನ ಬಿಟ್ಟು ಹೋದರೆ ಒಂದೂ ಇಲ್ಲ, ಎಲ್ಲವನ್ನೂ ಜಿಂಕೆ ಮೇಯ್ದಿದ್ದವು. ಮಧ್ಯಯುಗ ಮುಗಿಯುವಷ್ಟರಲ್ಲೇ ತೋಳಗಳು ಅಳಿದುಹೋದ ನಾಡು ಇದು. ಜಿಂಕೆಯನ್ನು ಹಿಡಿಯುವ ಪ್ರಾಣಿ ಇಲ್ಲಿಲ್ಲ. ಚೀನಾದಿಂದ ತಂದು ಬಿಟ್ಟ ಮುಂಟ್ಜಾಕ್ ಎಂಬ ಕುಳ್ಳ ಜಿಂಕೆಯೂ ಹಬ್ಬಿದೆ. ಇದನ್ನು ಮೊದಲೇ ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ. ಮುಂದಿನ ಚಳಿಗಾಲದಿಂದ ಕಡಿದ ಜಾಗದ ಸುತ್ತ ಗೂಟ ನೆಟ್ಟು, ನಡುವೆ ಸವರಿದ ಕೊಂಬೆ ತುರುಕಿ ಎದೆಮಟ್ಟದ ಒಣಬೇಲಿ ಹಾಕುತ್ತಿದ್ದೇವೆ. ಈಗ ಚಿಗುರು ಉಳಿಯುತ್ತಿದೆ. ಆ ಬೇಲಿಯಲ್ಲಿ ರೆನ್ ಎಂಬ ಪುಟಾಣಿ ಹಕ್ಕಿ ಗೂಡು ಕಟ್ಟಿದೆ.

ಈ ಕೆಲಸವನ್ನೆಲ್ಲ ಸಂಬಳ ಕೊಟ್ಟು ಮಾಡಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಕಡಿದ ಚೆಸ್ಟ್‌ನಟ್ ಮಾರಿದರೆ ಅದರ ಕಾಲುಭಾಗವೂ ಹುಟ್ಟುವುದಿಲ್ಲ. ಹಳ್ಳದ ಪಕ್ಕ, ಗಾಡಿ ಹೋಗಲಾಗದ ಇಳಿಜಾರಿನಲ್ಲಿ ನಾಲ್ಕೆಕರೆಗೆ ಯಾವ ಕಂಪನಿಯೂ ಬರುವುದಿಲ್ಲ. ಬರುವುದು ಒಂದು ಕುಟುಂಬ ಮಾತ್ರ, ಅದೂ ಆ ಜಾಗ ತನ್ನದು ಎನಿಸಿದರೆ. ನನ್ನ ವಾದದ ತಿರುಳು ಇಷ್ಟೇ.

“ಕೊಂಡವರು ಕಡಿದು ಮಾರಿಕೊಂಡರೆ?” ಎಂದು ಕೇಳುವವರಿಗೆ ಇಲ್ಲಿನ ಕಾನೂನು ಗೊತ್ತಿಲ್ಲ. ಪರವಾನಗಿ ಇಲ್ಲದೆ ಮೂರು ತಿಂಗಳಿಗೆ 5 ಘನ ಮೀಟರ್ ಮಾತ್ರ ಕಡಿಯಬಹುದು, ಅದರಲ್ಲಿ ಮಾರಬಹುದಾದದ್ದು 2. ಮೀರಿದರೆ 2023ರಿಂದ ದಂಡಕ್ಕೆ ಮಿತಿಯೇ ಇಲ್ಲ. ಮನೆ ಕಟ್ಟುವ ಮಾತಂತೂ ಬೇಡ, ಹತ್ಯಾರ ಇಡುವ ಗುಡಿಸಿಲಿಗೂ ಕೌನ್ಸಿಲ್ಲಿಗೆ ತಿಳಿಸಬೇಕು. ನಮ್ಮ ಕ್ರಯಪತ್ರದಲ್ಲೇ ಮೋಟಾರ್ ಬೈಕ್ ಓಡಿಸಕೂಡದು, ಗುಂಡು ಹಾರಿಸುವ ಆಟ ಕೂಡದು, ಅಕ್ಕಪಕ್ಕದವರಿಗೆ ಉಪದ್ರವ ಕೂಡದು ಎಂದಿದೆ. ಅಪ್ಪಣೆಯಿಲ್ಲದೆ ಒಳಬಂದವನ ತಲೆಯ ಮೇಲೆ ಒಣಕೊಂಬೆ ಬಿದ್ದರೂ ನಾನು ಉತ್ತರ ಹೇಳಬೇಕಾಗಬಹುದು. ಆ್ಯಶ್ ಮರಗಳಿಗೆ 2012ರಲ್ಲಿ ಇಲ್ಲಿ ಪತ್ತೆಯಾದ ಶಿಲೀಂಧ್ರ ರೋಗ ತಗುಲಿದೆ. ದಾರಿಯ ಮೇಲೆ ವಾಲಿದ್ದ ನಾಲ್ಕನ್ನು ನನ್ನ ಖರ್ಚಿನಲ್ಲಿ ಉರುಳಿಸಿದೆ. ಒಡೆತನ ಅಂದರೆ ಇಲ್ಲಿ ಹೆಚ್ಚಾಗಿ ಕರ್ತವ್ಯಗಳ ಪಟ್ಟಿ.

ಸರ್ಕಾರದ ಕೈಯಲ್ಲಿದ್ದರೆ ಕಾಡು ಸುರಕ್ಷಿತ ಎಂಬ ನಂಬಿಕೆಯನ್ನೂ ಇತಿಹಾಸ ಒಪ್ಪುವುದಿಲ್ಲ. ಮೊದಲ ಮಹಾಯುದ್ಧ ಮುಗಿದಾಗ ಈ ದೇಶದಲ್ಲಿ ಕಾಡು ಉಳಿದದ್ದು ನೆಲದ ಸುಮಾರು 5 ಪ್ರತಿಶತ. ಮರದ ಬರದಿಂದ ಹೆದರಿ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಹುಟ್ಟಿತು. ಬೇಗ ಬೆಳೆಯುವ ಸೂಜಿ ಎಲೆಯ ಮರಗಳೇ ಅದರ ಗುರಿ. ಎರಡನೆಯ ಯುದ್ಧದ ನಂತರ ಸರ್ಕಾರದ ಕಾಡಿನಲ್ಲೂ, ಸರ್ಕಾರದ ಸಹಾಯಧನ ಪಡೆದ ಎಸ್ಟೇಟುಗಳಲ್ಲೂ ಹಳೆಯ ಓಕ್ ಕಾಡನ್ನು ತೆಗೆದು, ಎಷ್ಟೋ ಕಡೆ ಮರಕ್ಕೆ ವಿಷ ಹಾಕಿ ಕೊಂದು, ಪೈನ್, ಸ್ಪ್ರೂಸ್ ನೆಟ್ಟರು. ಈ ನೀತಿ ತಿರುಗಿದ್ದು 1985ರಲ್ಲಿ. ನನ್ನ ಮೇಲಿನ ಮೂಲೆಯ ಪೈನ್ ಸಾಲು ಆ ಕಾಲದ್ದೇ. ಅದರ ಕೆಳಗೆ ಇವತ್ತಿಗೂ ಒಂದು ಹೂವಿಲ್ಲ. ವರ್ಷಕ್ಕೆ ಹತ್ತು ಮರದಂತೆ ತೆಗೆದು ಓಕ್ ಸಸಿಗಳಿಗೆ ಜಾಗ ಮಾಡುತ್ತಿದ್ದೇನೆ.

ಇನ್ನೊಂದು ಮಾತು, ಇದು ನನ್ನ ಮನೆಯದು. ಈ ದೇಶದಲ್ಲಿ ಇಪ್ಪತ್ತು ವರ್ಷ ತೆರಿಗೆ ಕಟ್ಟಿದೆ, ಮನೆ ಕೊಂಡೆ, ಆದರೂ ಇಲ್ಲಿನ ಮಣ್ಣಿಗೂ ನನಗೂ ಏನೂ ಸಂಬಂಧವಿರಲಿಲ್ಲ. ಮಗಳು ಐದನೇ ವಯಸ್ಸಿನಲ್ಲಿ ಈ ಕಾಡಿಗೆ ಬಂದವಳು. ಈಗ ಹನ್ನೊಂದು. ನರಿಯ ಲದ್ದಿ ಯಾವುದು, ಬ್ಯಾಜರಿನದ್ದು ಯಾವುದು ಎಂದು ನನಗೆ ತೋರಿಸುತ್ತಾಳೆ. ಹೇಝಲ್ ಕಾಯಿಯ ಸಿಪ್ಪೆ ಎತ್ತಿಕೊಂಡು, ತೂತಿನ ಅಂಚು ನುಣ್ಣಗಿದ್ದರೆ ಡಾರ್‌ಮೌಸ್ ಎಂಬ ಇಲಿಯಂಥ ಪುಟ್ಟ ಪ್ರಾಣಿ ತಿಂದದ್ದು ಎನ್ನುತ್ತಾಳೆ. ಕಳೆದ ಅಕ್ಟೋಬರಿನಲ್ಲಿ ಅಂಥ ಮೂರು ಸಿಪ್ಪೆ ಸಿಕ್ಕವು, ನಾವು ಕಡಿದ ಜಾಗದ ಅಂಚಿನಲ್ಲೇ.

ವಿರೋಧ: ಅಗಳ ಒಂದೇ, ಒಡೆಯರು ಹತ್ತು

ಅಣ್ಣ ಬರೆದದ್ದರಲ್ಲಿ ಸುಳ್ಳಿಲ್ಲ. ಆ ಒಣಬೇಲಿಗೆ ಕೊಂಬೆ ತುರುಕಿದವರಲ್ಲಿ ನಾನೂ ಒಬ್ಬಳು. ಎರಡು ದಿನ ಕೈಯಲ್ಲಿ ಮುಳ್ಳು ಆಡುತ್ತಿತ್ತು. ಅವನ ನಾಲ್ಕೂಕಾಲು ಎಕರೆ ಅವನ ಕೈಯಲ್ಲಿ ಚೆನ್ನಾಗಿದೆ. ನನ್ನ ತಕರಾರು ಅವನು ಬರೆಯದೆ ಬಿಟ್ಟ ಉಳಿದ ಮೂವತ್ತೆಂಟು ಎಕರೆಯ ಬಗ್ಗೆ.

ಅವನು ಹೇಳಿದ ಅಗಳ ಇದೆಯಲ್ಲ, ಅದರ ಗುಂಟ ನಾನು ಪೂರ್ತಿ ಸುತ್ತು ಹಾಕಿದ್ದೇನೆ. ಅದು ಸುತ್ತಿರುವುದು ನಾಲ್ಕು ಎಕರೆಯನ್ನಲ್ಲ, ನಲವತ್ತೆರಡನ್ನು. ಅಗಳ ತೋಡಿದವರು ಅಷ್ಟನ್ನೂ ಒಂದೇ ಕಾಡೆಂದು ಬಗೆದಿದ್ದರು. ಒಳಗೆ ಗೆರೆಗಳಿರಲಿಲ್ಲ. ಈಗ ತುದಿಗೆ ಬಣ್ಣ ಬಳಿದ ಗೂಟಗಳು ಕಾಡನ್ನು ಹತ್ತಾಗಿ ಸೀಳಿವೆ. ಹತ್ತು ಒಡೆಯರು, ಹತ್ತು ಮನಸ್ಸು. ಒಂದರಲ್ಲಿ ಜಲ್ಲಿ ಸುರಿದು ಎರಡು ಕಾರು ನಿಲ್ಲುವ ಜಾಗ ಮಾಡಿದ್ದಾರೆ. ಇನ್ನೊಂದರಲ್ಲಿ ಕ್ಯಾರವಾನ್ ಎನ್ನುವ ಹಳೆಯ ಗಾಲಿಮನೆ ಪಾಚಿಗಟ್ಟಿ ನಿಂತಿದೆ. ಮತ್ತೊಂದರಲ್ಲಿ ಚೆಂದ ಕಾಣಲೆಂದು ಅಂಗಡಿಯ ಡ್ಯಾಫೊಡಿಲ್ ಗಡ್ಡೆಗಳನ್ನೂ ಸ್ಪ್ಯಾನಿಷ್ ಬ್ಲೂಬೆಲ್ಲನ್ನೂ ನೆಟ್ಟಿದ್ದಾರೆ. ಈ ಸ್ಪ್ಯಾನಿಷ್ ಬ್ಲೂಬೆಲ್ ಇಲ್ಲಿನದರ ಜೊತೆ ಬೆರೆತು ಮಿಶ್ರತಳಿಯಾಗುತ್ತದೆ. ಅಣ್ಣ ಹೆಮ್ಮೆಯಿಂದ ಹೇಳಿದ ಆ ಅರ್ಧ ಜಗತ್ತಿನ ಬ್ಲೂಬೆಲ್ಲಿಗೆ ಇದೂ ಒಂದು ಕುತ್ತು. ಎರಡು ತುಂಡುಗಳಿಗೆ ಕೊಂಡವರು ಎರಡು ವರ್ಷದಿಂದ ಕಾಲಿಟ್ಟಂತಿಲ್ಲ, ಬಾಗಿಲ ಸರಪಳಿಗೆ ತುಕ್ಕು ಹಿಡಿದಿದೆ. ಇವರಲ್ಲಿ ಯಾರೂ ಕಾನೂನು ಮುರಿದವರಲ್ಲ, ಕೆಟ್ಟವರೂ ಅಲ್ಲ. ಮರ ಕಡಿಯದೆಯೂ ಕಾಡು ಕೆಡಿಸಬಹುದು. ಪರವಾನಗಿಯ ಕಾನೂನು ಕಾಯುವುದು ಮರದ ಬೊಡ್ಡೆಯನ್ನು. ಬೊಡ್ಡೆಯ ಕೆಳಗಿನ ನೆಲಕ್ಕೆ, ಅಲ್ಲಿನ ನಿಶ್ಶಬ್ದಕ್ಕೆ ಅಂಥ ಕಾವಲಿಲ್ಲ.

ಡಾರ್‌ಮೌಸ್ ಸಿಪ್ಪೆ ಸಿಕ್ಕ ದಿನ ಮಗು ಕುಣಿದದ್ದನ್ನು ನಾನೂ ನೋಡಿದೆ. ಅಂಗೈಯಲ್ಲಿ ಮುದುಡಿ ಕೂರುವಷ್ಟು ಸಣ್ಣ ಪ್ರಾಣಿ ಅದು, ಕೊಂಬೆಯಿಂದ ಕೊಂಬೆಗೆ ಹೋಗುವಂಥದ್ದು, ನೆಲಕ್ಕಿಳಿಯಲು ಹಿಂಜರಿಯುತ್ತದೆ. ಅದರ ಒಂದು ಸಂತತಿ ತಲೆಮಾರುಗಳವರೆಗೆ ನೆಲೆ ನಿಲ್ಲಬೇಕಾದರೆ ಸುಮಾರು 20 ಹೆಕ್ಟೇರ್, ಅಂದರೆ ಐವತ್ತು ಎಕರೆ ಒಗ್ಗೂಡಿದ ಕಾಡು ಬೇಕು ಎನ್ನುತ್ತಾರೆ ಬಲ್ಲವರು. ಅಣ್ಣನೊಬ್ಬನ ಕಾಲೆಕರೆ ಬೆಳಕು ಅದಕ್ಕೆ ಊಟ ಕೊಡಬಹುದು, ವಾಸ ಕೊಡಲಾರದು. ಮುಂದಿನ ತುಂಡಿನವನು ಹೇಝಲ್ ಪೊದೆ ಸವರಿ ಟೆಂಟ್ ಹಾಕಿದರೆ ಕೊಂಬೆಗಳ ದಾರಿ ಅಲ್ಲಿಗೆ ಕಡಿಯಿತು. ಜಿಂಕೆಯದೂ ಇದೇ ಕತೆ. ಅಣ್ಣ ಬೇಲಿ ಹಾಕಿದಾಗ ಅವು ಪಕ್ಕದವರ ಚಿಗುರಿಗೆ ಹೋದವು. ಜಿಂಕೆಯ ಲೆಕ್ಕ ಹಿಡಿಯುವುದು ಹತ್ತು ಮನೆಯವರು ಒಂದಾಗಿ ಮಾಡುವ ಕೆಲಸ, ಊರೇ ಒಂದಾದರೆ ಇನ್ನೂ ಒಳ್ಳೆಯದು. ಹತ್ತು ಜನರನ್ನು ಒಂದು ಸಭೆಗೆ ಸೇರಿಸಲು ಅಣ್ಣ ಮೂರು ವರ್ಷದಿಂದ ಓಡಾಡುತ್ತಿದ್ದಾನೆ. ನಾಲ್ವರಿಗಿಂತ ಹೆಚ್ಚು ಎಂದೂ ಬಂದಿಲ್ಲ.

ಕಾಲದ ಲೆಕ್ಕವೂ ಇದೆ. ಚೆಸ್ಟ್‌ನಟ್ಟಿನ ಒಂದು ಸರದಿ ಹದಿನೈದು ವರ್ಷ, ಓಕ್ ನಾಟಾ ಆಗಲು ನೂರು ದಾಟಬೇಕು. ಅಣ್ಣನಿಗೆ ಈಗ ಐವತ್ತೆರಡು. ಬೆನ್ನು ಬಗ್ಗದ ದಿನ ಬಂದಾಗ ಅವನೂ ಮಾರುತ್ತಾನೆ, ಮಾರಲೇಬೇಕಾಗುತ್ತದೆ. ಆಗ ಕೊಳ್ಳುವವನಿಗೆ ಕತ್ತಿ ಹಿಡಿಯಲು ಬರುತ್ತದೆಂದು ಕ್ರಯಪತ್ರದಲ್ಲಿ ಬರೆಸಲಾಗದು.

ಈಗ ನನ್ನೂರಿನ ಸಂಗತಿ. ನಾನಿರುವುದು ಸಫೋಕಿನಲ್ಲಿ. ಮನೆಯ ಹಿಂದಿನ ಹೊಲ ದಾಟಿದರೆ ಒಂದು ಸಣ್ಣ ಕಾಡು, ಅದರ ಅಂಚಿಗೆ ಹಳೆಯ ತಡಮೆ. ತಡಮೆಯ ಮೆಟ್ಟಿಲ ಹಲಗೆ ನಡುವಿನಲ್ಲಿ ಸವೆದು ಬಟ್ಟಲಾಗಿತ್ತು, ಅಷ್ಟು ಕಾಲು ಅದರ ಮೇಲೆ ಬಿದ್ದಿದ್ದವು. ಎದೆ ಚಿಕಿತ್ಸೆ ಮುಗಿದ ವರ್ಷ ನಾನು ದಿನಾ ಆ ದಾರಿಯಲ್ಲಿ ನಡೆದೆ. ಮೊದಲು ತಡಮೆಯವರೆಗೆ, ಆಮೇಲೆ ಮೊದಲ ಓಕಿನವರೆಗೆ, ಕೊನೆಗೆ ಆಚೆ ಬದಿಯವರೆಗೆ. ಆ ಕಾಡು ಮಾರಾಟಕ್ಕೆ ಬಂತು, ಮೂರು ತುಂಡಾಯಿತು. ಒಂದು ಬೆಳಿಗ್ಗೆ ತಡಮೆ ಇರಲಿಲ್ಲ. ಹೊಸ ತಂತಿ, ಹೊಸ ಗೂಟ, ‘ಖಾಸಗಿ’ ಎಂಬ ಹಲಗೆ. ದಾರಿ ಕೌನ್ಸಿಲ್ಲಿನ ನಕ್ಷೆಯಲ್ಲಿ ದಾಖಲಾಗಿರಲಿಲ್ಲ, ದಾಖಲು ಮಾಡಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಹಿಂದಿನ ಒಡೆಯ ಎಂದೂ ತಡೆದವನಲ್ಲ. ಇಪ್ಪತ್ತು ವರ್ಷ ಜನ ತಡೆಯಿಲ್ಲದೆ ಓಡಾಡಿದ್ದಾರೆಂದು ತೋರಿಸಿದರೆ 1980ರ ಹೆದ್ದಾರಿ ಕಾಯ್ದೆಯಡಿ ಅದನ್ನು ಸಾರ್ವಜನಿಕ ದಾರಿ ಎನ್ನಿಸಬಹುದು. ಊರಿನ ಮೂವತ್ತೊಂದು ಜನ ಹೇಳಿಕೆ ಬರೆದುಕೊಟ್ಟಿದ್ದೇವೆ, ಅದರಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿಯೂ ಇದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ.

ಇಂಗ್ಲೆಂಡಿನಲ್ಲಿ ಕಾಡಿಗೆ ಹೋಗುವುದು ಎಲ್ಲರ ಹಕ್ಕು ಎಂದು ನಮ್ಮ ಶಿರಸಿ ಕಡೆ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. 2000ದ ಕಾಯ್ದೆ ಗುಡ್ಡ, ಕುರುಚಲು ಬಯಲು, ಕಾಮನ್ ಎನ್ನುವ ಊರೊಟ್ಟಿನ ನೆಲ ಇವುಗಳಲ್ಲಿ ಓಡಾಡುವ ಹಕ್ಕು ಕೊಟ್ಟಿತು. ಅದೆಲ್ಲ ಸೇರಿದರೆ ನೆಲದ ಸುಮಾರು 8 ಪ್ರತಿಶತ. ಕಾಡನ್ನು ಅದರಲ್ಲಿ ಸೇರಿಸಲಿಲ್ಲ. ದಾಖಲಾದ ಕಾಲುದಾರಿ ಇದ್ದರೆ ಅದರ ಗುಂಟ ನಡೆಯಬಹುದು, ಪಕ್ಕಕ್ಕೆ ಹೆಜ್ಜೆ ಇಟ್ಟರೆ ಅತಿಕ್ರಮ. ಹಳೆಯ ದೊಡ್ಡ ಒಡೆಯ ಎಂದೋ ಒಮ್ಮೆ ಬರುತ್ತಿದ್ದ, ಕಂಡೂ ಕಾಣದಂತಿರುತ್ತಿದ್ದ. ಉಳಿತಾಯವನ್ನೆಲ್ಲ ಸುರಿದು ನಾಲ್ಕೆಕರೆ ಕೊಂಡವರಿಗೆ ಪ್ರತಿ ಹೆಜ್ಜೆ ಗುರುತೂ ಕಣ್ಣಿಗೆ ಚುಚ್ಚುತ್ತದೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಣ್ಣ ಹೇಳಿದ ಒಣಕೊಂಬೆಯ ಹೊಣೆಯೂ ಅವರ ತಲೆಯ ಮೇಲಿದೆ. ಹೀಗೆ ಒಂದು ಕಾಡು ತುಂಡಾದಾಗ ಹತ್ತು ಕುಟುಂಬಗಳಿಗೆ ಬಾಗಿಲು ತೆರೆಯುತ್ತದೆ, ಊರಿಗೆ ಊರೇ ಹೊರಗುಳಿಯುತ್ತದೆ.

ಅಣ್ಣನ ವಾದದ ತಿರುಳು, ತನ್ನದು ಎನಿಸಿದರೆ ಮಾತ್ರ ದುಡಿಯುತ್ತಾರೆ ಎಂಬುದು. ಇದನ್ನು ಅವನು ಬರೆದನಲ್ಲ ಎಂದು ನನಗೆ ಆಶ್ಚರ್ಯ. ಅವನು ನೆನೆಸಿಕೊಂಡ ಆ ಕತ್ತಿ ಹಿಡಿದು ದೊಡ್ಡಪ್ಪ ಹೋಗುತ್ತಿದ್ದ ಬೆಟ್ಟ ಯಾರದಾಗಿತ್ತು? ನಮ್ಮದಾಗಿರಲಿಲ್ಲ. ಸೊಪ್ಪಿನ ಬೆಟ್ಟ ಸರ್ಕಾರದ ನೆಲ. ಅಡಿಕೆ ತೋಟದ ಎಕರೆಗೆ ಒಂಬತ್ತು ಎಕರೆವರೆಗೆ ಸೊಪ್ಪು, ದರಕು, ಕಟ್ಟಿಗೆ ತರುವ ಹಕ್ಕು ತೋಟಿಗರದ್ದು, ಅಷ್ಟೆ. ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ಆದರೂ ಅಜ್ಜ ಯಾವ ಮರಕ್ಕೆ ಯಾವ ವರ್ಷ ಕತ್ತಿ ಹಾಕಿದ್ದು, ಯಾವುದನ್ನು ಬಿಟ್ಟದ್ದು ಎಂದು ಬಾಯಿಪಾಠ ಹೇಳುತ್ತಿದ್ದ. ತುದಿಯ ಟಿಸಿಲು ಬಿಟ್ಟು ಸವರಬೇಕೆಂದು ಬೈದು ಕಲಿಸುತ್ತಿದ್ದ. ಎಲ್ಲ ಬೆಟ್ಟಗಳೂ ಹಾಗೆ ಉಳಿದಿವೆ ಎಂದು ನಾನು ಹೇಳುವುದಿಲ್ಲ, ಬೋಳಾದವು ಬಹಳ ಇವೆ. ಬಳಸುವ ಹಕ್ಕೂ ನಾಳಿನ ಭರವಸೆಯೂ ಇದ್ದರೆ ಒಡೆತನವಿಲ್ಲದೆಯೂ ಮನುಷ್ಯ ಕಾಡಿಗೆ ದುಡಿಯುತ್ತಾನೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ ಎನ್ನುತ್ತೇನೆ.

ಇಂಗ್ಲೆಂಡಿಗೂ ಇದು ಹೊಸದಲ್ಲ. ರಾಜನ ಕಾಡಿನಲ್ಲಿ ಜನಸಾಮಾನ್ಯರ ಹಕ್ಕನ್ನು ಬರೆದುಕೊಟ್ಟ ಸನ್ನದು 1217ರದು. ಲಂಡನ್ನಿನ ಅಂಚಿನ ಎಪಿಂಗ್ ಫಾರೆಸ್ಟಿನಲ್ಲಿ ಲೌಟನ್ ಎಂಬ ಹಳ್ಳಿಯವರಿಗೆ ಚಳಿಗಾಲದಲ್ಲಿ ಕೊಂಬೆ ಸವರಿ ಕಟ್ಟಿಗೆ ಒಯ್ಯುವ ಹಕ್ಕಿತ್ತು. ನವೆಂಬರ್ 11ರ ನಡುರಾತ್ರಿ ಹೋಗಿ ಕೊಂಬೆ ಕಡಿದು ಆ ಹಕ್ಕನ್ನು ವರ್ಷ ವರ್ಷವೂ ಜೀವಂತವಿಡುತ್ತಿದ್ದರು. 1860ರ ದಶಕದಲ್ಲಿ ಭೂಮಿಯ ಒಡೆಯ ಬೇಲಿ ಹಾಕಿಸಿದ. ಥಾಮಸ್ ವಿಲ್ಲಿಂಗೇಲ್ ಎಂಬ ಕೂಲಿಕಾರ ಕಡಿಯುವುದನ್ನು ಬಿಡಲಿಲ್ಲ, ಅವನ ಮನೆಯವರು ಜೈಲಿಗೆ ಹೋದರು. ಆ ಜಗಳ ಬೆಳೆದು, ಲಂಡನ್ ನಗರಾಡಳಿತವೂ ಬೇಲಿಗಳ ವಿರುದ್ಧ ನಿಂತು, 1878ರಲ್ಲಿ ಎಪಿಂಗ್ ಕಾಡಿಗೆಂದೇ ಕಾಯ್ದೆ ಆಯಿತು. ಕಾಡು ಜನರಿಗೆ ಸದಾ ತೆರೆದೇ ಇರಬೇಕು, ಬೇಲಿ ಕೂಡದು. ಇವತ್ತಿಗೂ ಲಂಡನ್ನಿನವರು ಅಲ್ಲಿ ಹೋಗಿ ನಡೆಯುತ್ತಾರೆ. ಆದರೆ ಕೊಂಬೆ ಸವರುವ ಹಕ್ಕಿಗೆ ಪರಿಹಾರ ಕೊಟ್ಟು ಅದನ್ನು ಮುಗಿಸಿಬಿಟ್ಟರು. ಮರಗಳು ತಲೆಭಾರವಾಗಿ ಕಾಡು ಕತ್ತಲಾಯಿತು. ಅಣ್ಣನ ಕೂಳೆಯ ಮಾತು ನಿಜ ಎಂದು ನಾನು ಒಪ್ಪುವುದು ಇಲ್ಲಿಯೇ. ಅಲ್ಲಿ ಕಳೆದುಹೋದದ್ದು ಬಳಕೆ, ಖಾಸಗಿ ಒಡೆತನವಲ್ಲ.

ಬಳಕೆ, ಜನರ ಓಡಾಟ ಎರಡೂ ಉಳಿದ ಕಡೆ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಸಫೋಕಿನ ಬ್ರ್ಯಾಡ್‌ಫೀಲ್ಡ್ ವುಡ್ಸಿಗೆ ಬನ್ನಿ. ಬರಿ ಸೇಂಟ್ ಎಡ್ಮಂಡ್ಸಿನ ಮಠಕ್ಕೆ ಸೇರಿದ್ದ ಕಾಡು. 1252ರಿಂದ ಅಲ್ಲಿ ಕೂಳೆ ಕಡಿದ ದಾಖಲೆ ಇದೆ. 1960ರ ದಶಕದಲ್ಲಿ ಅದರ ಒಂದು ಭಾಗವನ್ನು ಕಿತ್ತು ಹೊಲ ಮಾಡಿಬಿಟ್ಟರು. ಊರವರು ಎದ್ದು ನಿಂತದ್ದರಿಂದ ಉಳಿದದ್ದು ಉಳಿಯಿತು. ಈಗ ಜಿಲ್ಲೆಯ ವನ್ಯಜೀವಿ ಟ್ರಸ್ಟ್ ನೋಡಿಕೊಳ್ಳುತ್ತದೆ. ಪ್ರತಿ ಚಳಿಗಾಲ ಸರದಿಯಂತೆ ಕಡಿಯುತ್ತಾರೆ, ಕಟ್ಟಿಗೆ, ಬೇಲಿ ಕಡ್ಡಿ ಮಾರುತ್ತಾರೆ, ಯಾರು ಬೇಕಾದರೂ ನಡೆಯಬಹುದು. ಕಡಿದು ಕಡಿದು ಬುಡವೇ ಹಿಗ್ಗಿ, ಹಲವು ಮಾರು ಸುತ್ತಳತೆಯ ಉಂಗುರವಾದ ಆ್ಯಶ್ ಅಲ್ಲಿದೆ. ಆ ಉಂಗುರದ ಮೇಲೆ ಕೈಯಿಟ್ಟರೆ ಎಷ್ಟು ತಲೆಮಾರಿನ ಕತ್ತಿ ಅಲ್ಲಿ ಬಿದ್ದಿರಬೇಕು ಎನಿಸುತ್ತದೆ. ಅಷ್ಟು ತಲೆಮಾರಿನಲ್ಲಿ ಒಬ್ಬನಿಗೂ ಅದು ನನ್ನದು ಎನ್ನಿಸುವ ಅಗತ್ಯ ಬೀಳಲಿಲ್ಲ.

ಹಾಗಾದರೆ ಟ್ರಸ್ಟುಗಳು, ಊರ ಸಂಘಗಳು ಎಲ್ಲ ಕಾಡನ್ನೂ ಯಾಕೆ ಕೊಳ್ಳುವುದಿಲ್ಲ? ಬೆಲೆಯಿಂದ. ಸಣ್ಣ ತುಂಡಿಗೆ ಎಕರೆ ಲೆಕ್ಕದಲ್ಲಿ ಸಿಗುವ ಬೆಲೆ ಇಡೀ ಕಾಡಿಗೆ ಸಿಗುವುದಿಲ್ಲ, ತುಂಡು ಮಾಡುವ ವ್ಯಾಪಾರ ನಿಂತಿರುವುದೇ ಆ ಅಂತರದ ಮೇಲೆ. ನಮ್ಮ ಮನೆಯ ಹಿಂದಿನ ಆ ಕಾಡು ಮಾರಾಟಕ್ಕೆ ಬಂದಾಗ ನಮ್ಮೂರಿನವರು ಚಂದಾ ಎತ್ತಲು ಸಭೆ ಕರೆದಿದ್ದೆವು. ನಮ್ಮ ಸಭೆಗೆ ಮುಂಚೆಯೇ ವ್ಯಾಪಾರ ಮುಗಿದಿತ್ತು. ಹಣ ಕೂಡಿಸಲು ನಮಗೆ ಆರು ತಿಂಗಳು ಸಿಕ್ಕಿದ್ದರೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಜನರಿಗೆ ಆಸೆ ಇಲ್ಲವೆಂದಲ್ಲ. 2011ರಲ್ಲಿ ಸರ್ಕಾರ ಇಂಗ್ಲೆಂಡಿನ ಸಾರ್ವಜನಿಕ ಕಾಡುಗಳನ್ನು ಮಾರುವ ಪ್ರಸ್ತಾವ ತಂದಾಗ ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಫೆಬ್ರುವರಿಯಲ್ಲೇ ಪ್ರಸ್ತಾವ ವಾಪಸಾಯಿತು. ಸಾವಿರಾರು ಎಕರೆ ಒಮ್ಮೆಗೇ ಮಾರಿದರೆ ದೇಶ ಏಳುತ್ತದೆ. ನಾಲ್ಕು ನಾಲ್ಕು ಎಕರೆಯಾಗಿ ಹೋಗುವಾಗ ಯಾರಿಗೂ ಕಾಣುವುದಿಲ್ಲ.

ಅಣ್ಣ ಕೊಂಡದ್ದು ಆಗಿಹೋಯಿತು. ಮಾರು ಎಂದು ನಾನು ಹೇಳುವುದಿಲ್ಲ, ಮಾರಿದರೆ ಅಲ್ಲಿಗೂ ಕ್ಯಾರವಾನ್ ಬಂದೀತು. ಒಂದನ್ನು ಮಾತ್ರ ಕೇಳಿದ್ದೇನೆ. ಅದೇ 2000ದ ಕಾಯ್ದೆಯ 16ನೇ ಕಲಮಿನ ಪ್ರಕಾರ ಒಡೆಯನೊಬ್ಬ ತನ್ನ ನೆಲವನ್ನು ಜನರ ಓಡಾಟಕ್ಕೆ ಶಾಶ್ವತವಾಗಿ ಬಿಟ್ಟುಕೊಡಬಹುದು. ಒಡೆತನ ಅವನದೇ, ಕತ್ತಿಯೂ ಅವನದೇ. ಒಮ್ಮೆ ಬರೆದುಕೊಟ್ಟರೆ ಹಿಂತೆಗೆಯುವಂತಿಲ್ಲ, ಮುಂದೆ ಕೊಳ್ಳುವವರಿಗೂ ಅದು ಅನ್ವಯಿಸುತ್ತದೆ. ಅದರ ವಿವರವನ್ನೆಲ್ಲ ಬರೆದು ಕಳಿಸಿದ್ದೇನೆ. ಅತ್ತಿಗೆ ಎರಡು ಸಲ ಓದಿದರಂತೆ. ಅಣ್ಣ ಇನ್ನೂ ಏನೂ ಹೇಳಿಲ್ಲ. ಫೆಬ್ರುವರಿಯ ಮೊದಲ ಭಾನುವಾರ ಹಳ್ಳದ ಬದಿಯ ಚೆಸ್ಟ್‌ನಟ್ ಕಡಿಯುವುದಿದೆ, ಕೈಗವಸು ತಾ ಎಂದು ಮಾತ್ರ ತಿಳಿಸಿದ್ದಾನೆ.